ಬಸ್ಸಿನ ಹಿಂದಿನ ಕರು

ಓರಿನ್ ಹಾಗ್‌ಸ್ಟಾಡ್ ಹಳೆಯ ರಬ್ಬರ್ ಚಾಪೆಯ ಮೇಲೆ ಮಂಡಿಯೂರಿದ್ದ. ಮುಂದೆ ಸಣ್ಣ ಕೆಂಪು ಕಾರಿನ ಮೂತಿ, ಬೆನ್ನ ಹಿಂದೆ ಬಸ್ಸು. ಬಸ್ಸಿನ ಹಿಂಬದಿಯಿಂದ ಚಾಚಿದ್ದ ಎರಡು ಕಬ್ಬಿಣದ ತೋಳುಗಳಲ್ಲಿ ಒಂದನ್ನು ಎಳೆದು ಕಾರಿನ ಮೂತಿಗೆ ಸೇರಿಸಿದ, ಪಿನ್ನು ತೂರಿಸಿದ, ಪಿನ್ನು ಜಾರದ ಹಾಗೆ ತುದಿಗೆ ಕೊಂಡಿ ಹಾಕಿದ. ಆಮೇಲೆ ಎರಡನೆಯ ತೋಳು. ತುಟಿ ಅಲ್ಲಾಡುತ್ತಿತ್ತು, ಮುಂದಿನ ಕೆಲಸ ಯಾವುದೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹೆಂಡತಿ ಆರ್ಲಿಸ್ ಬಸ್ಸಿನೊಳಗೆ ಡ್ರೈವರ್ ಸೀಟಿನಲ್ಲಿ ಕಾಫಿ ಹಿಡಿದು ಕೂತಿದ್ದಳು. ಹಿಂಬದಿಯ ಕ್ಯಾಮೆರಾ ಕಂಡಿದ್ದನ್ನು ತೋರಿಸುವ ಅಂಗೈಯಗಲದ ಪರದೆಯೊಂದು ಸ್ಟಿಯರಿಂಗ್ ಪಕ್ಕದಲ್ಲಿತ್ತು. ಅದರಲ್ಲಿ ಗಂಡನ ಬೋಳುತಲೆ ಮೇಲೆ ಕೆಳಗೆ ಆಡುತ್ತಿರುವುದನ್ನು ಅವಳು ನೋಡುತ್ತಿದ್ದಳು. ಟೋಪಿ ಹಾಕಿಲ್ಲ, ಬಿಸಿಲೇರಿದರೆ ನೆತ್ತಿ ಸುಡುತ್ತದೆ ಎಂದುಕೊಂಡಳು.

ಬಸ್ಸು ಎನ್ನುವುದು ಓರಿನ್‌ನ ಮಾತು. ಅದು ಮೋಟಾರ್‌ಮನೆ, ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಉಂಟು. ಉತ್ತರ ಡಕೋಟಾದ ಮೈನಾಟ್ ಊರಿನಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನಿಗೆ ಉದ್ದನೆಯದೆಲ್ಲ ಬಸ್ಸೇ. ನಿವೃತ್ತನಾದ ಮೇಲೆ ಗಂಡಹೆಂಡತಿ ಮನೆ ಮಾರಿ ಇದನ್ನು ಕೊಂಡರು. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಬೇಸಿಗೆಗೆ ಉತ್ತರದ ಕೆರೆದಂಡೆಗಳು. ಹನ್ನೊಂದು ವರ್ಷದಿಂದ ಅವರಿಗೆ ಬೇರೆ ಮನೆಯಿಲ್ಲ. ಬಸ್ಸನ್ನು ಒಂದೆಡೆ ನಿಲ್ಲಿಸಿ, ನೀರಿನ ಕೊಳವೆ, ಕರೆಂಟು ಜೋಡಿಸಿದ ಮೇಲೆ ಹಾಲು ತರಲು ಮನೆಯನ್ನೇ ಓಡಿಸಿಕೊಂಡು ಹೋಗಲಾಗುವುದಿಲ್ಲ. ಅದಕ್ಕೇ ಎಲ್ಲರೂ ಹಿಂದೊಂದು ಕಾರು ಕಟ್ಟಿಕೊಂಡು ತಿರುಗುತ್ತಾರೆ. ಹಾಲಿನ ದನ ಸಾಕಿದ್ದ ಮನೆಯಲ್ಲಿ ಬೆಳೆದ ಓರಿನ್ ತಮ್ಮ ಕಾರಿಗೆ ಮೊದಲ ದಿನವೇ ಕರು ಎಂದು ಹೆಸರಿಟ್ಟಿದ್ದ.

ಅರಿಜೋನಾದ ಬೌಸ್ ಎಂಬ ಊರಿನ ಹೊರಗಿನ ಬಯಲಿನಲ್ಲಿ ಮಾರ್ಚ್ ಮುಗಿಯುತ್ತಾ ಬಂದಿತ್ತು. ದಿನಕ್ಕೆ ನಾಲ್ಕೈದು ಬಂಡಿಗಳು ಉತ್ತರಕ್ಕೆ ಏಳುತ್ತಿದ್ದವು. ಈ ಹೊತ್ತು ಹಾಗ್‌ಸ್ಟಾಡ್‌ರ ಸರದಿ. ಬೀಳ್ಕೊಡಲು ಬಂದಿದ್ದ ಅಕ್ಕಪಕ್ಕದವರು ಮಾತ್ರ ದೂರದಲ್ಲೇ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದರು. ಕಾರು ಕಟ್ಟುತ್ತಿರುವವರನ್ನು ಮಾತಾಡಿಸಬಾರದು. ಅದು ರಸ್ತೆಯ ಮೇಲೆ ಬದುಕುವವರ ಕಟ್ಟಳೆ. ನಡುವೆ ಒಂದು 'ನಮಸ್ಕಾರ' ಬಿದ್ದರೂ ಒಂದು ಪಿನ್ನು ತಪ್ಪುತ್ತದೆ. ಯಾರಾದರೂ ತಡೆದರೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಮೊದಲಿಂದ ಕಟ್ಟುವವರೂ ಇದ್ದಾರೆ. ಆದ್ದರಿಂದ ವಿದಾಯದ ಮಾತು, ಅಪ್ಪುಗೆ, ದಾರಿಗೆ ಕಟ್ಟಿಕೊಡುವ ತಿಂಡಿ ಎಲ್ಲವೂ ಕೊನೆಯ ಪರೀಕ್ಷೆ ಮುಗಿದ ಮೇಲೆಯೇ.

ಲೂಸಿಯಾನಾದ ಕ್ಲೀಟಸ್ ಎಂಬ ಬಾಯಾಳಿಗೆ ಈ ಮೌನ ತಡೆಯಲು ಕಷ್ಟ. ಪಕ್ಕದಲ್ಲಿ ಕೂತಿದ್ದ ಬರ್ಡೀನ್‌ಳ ಕಿವಿಯಲ್ಲಿ ಏನೋ ಹೇಳಿದ. ಗಂಡ ಸತ್ತ ಮೇಲೆ ಒಂದು ವ್ಯಾನಿನಲ್ಲಿ ಒಬ್ಬಳೇ ಇರುವ ಹೆಂಗಸು ಅವಳು. ಅವನ ಮೊಣಕಾಲಿಗೆ ಒಂದು ಕೊಟ್ಟಳು.

ಓರಿನ್ ಎದ್ದು ನಿಂತ. ಕ್ಯಾಮೆರಾದ ಕಡೆ ತಿರುಗಿ ಹೆಬ್ಬೆರಳು ಎತ್ತಿದ.

"ಚಾಪೆ ತರ್ತೀನಿ, ನೀನು ಕೈ ತೊಳ್ಕೋ," ಎನ್ನುತ್ತಾ ಆರ್ಲಿಸ್ ಇಳಿದಳು.

ಚಾಪೆ ತರುವುದು ಒಂದು ನೆಪ. ಕಳೆದ ಅಕ್ಟೋಬರ್‌ನಿಂದ ಅವಳು ಹಾಗೆ ಮಾಡಿಕೊಂಡು ಬಂದಿದ್ದಳು. ಬಗ್ಗಿ ಚಾಪೆ ಸುತ್ತುವಾಗ ಎರಡು ಪಿನ್ನು, ಎರಡು ಕೊಂಡಿ, ಅಡ್ಡ ಹಾಕಿದ ಉಕ್ಕಿನ ಹಗ್ಗ, ದೀಪದ ವೈರು ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಕಾರಿನ ಬಾಗಿಲು ತೆಗೆದು, ಗೇರು ನ್ಯೂಟ್ರಲ್‌ನಲ್ಲಿದೆಯೇ, ಸ್ಟಿಯರಿಂಗ್ ಬೀಗ ಬೀಳದ ಹಾಗೆ ಕೀಲಿ ತಿರುಗಿಸಿದೆಯೇ, ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ನೋಡುತ್ತಿದ್ದಳು. ನವೆಂಬರ್‌ನಲ್ಲಿ ಒಮ್ಮೆ ಕೊಂಡಿ ಇರಲಿಲ್ಲ. ಜನವರಿಯಲ್ಲಿ ವೈರು ನೆಲದ ಮೇಲಿತ್ತು. ಅವಳು ಸದ್ದಿಲ್ಲದೆ ಸರಿಮಾಡಿ ಚಾಪೆ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದಳು.

ಈ ದಿನ ಒಂದೂ ತಪ್ಪಿರಲಿಲ್ಲ. ಪಿನ್ನು, ಕೊಂಡಿ, ಹಗ್ಗ, ಗೇರು, ಬ್ರೇಕು ಎಲ್ಲವೂ ಇರಬೇಕಾದ ಹಾಗೆಯೇ ಇದ್ದವು. ಹ್ಯಾಂಡ್‌ಬ್ರೇಕಿನ ಹಿಡಿಯ ಮೇಲೆ ಕೈಯಿಟ್ಟು, ಅದು ಪೂರ್ತಿ ಕೆಳಗೆ ಮಲಗಿದೆಯೆಂದು ಇನ್ನೊಮ್ಮೆ ಒತ್ತಿ ನೋಡಿದಳು. ಪಕ್ಕದ ಸೀಟಿನ ಮೇಲೆ ಗಂಡನ ಹಸಿರು ಟೋಪಿ ಬಿದ್ದಿತ್ತು. ಮೈನಾಟ್‌ನ ಬೀಜದಂಗಡಿಯವರು ಕೊಟ್ಟ ಟೋಪಿ, ಅಂಚು ಬಿಳಿಚಿಕೊಂಡಿದೆ. ತೆಗೆದುಕೊಳ್ಳೋಣ ಎನ್ನಿಸಿತು. ಒಂದು ಕೈಯಲ್ಲಿ ಚಾಪೆ, ಇನ್ನೊಂದು ಕೈಯಲ್ಲಿ ಬಾಗಿಲು. ಇರಲಿ, ಆಮೇಲೆ ಎಂದುಕೊಂಡು ಬಾಗಿಲು ಮುಚ್ಚಿದಳು.

ಬಸ್ಸಿನ ಕಡೆ ನಡೆಯುವಾಗ ಇನ್ನೊಂದು ವರ್ಷ ಹೀಗೇ ತಿರುಗಬಹುದು ಎಂದು ಅವಳಿಗೆ ಅನ್ನಿಸಿತು. ಮನಸ್ಸು ಹಗುರಾಗಿತ್ತು.

ಅಕ್ಟೋಬರ್‌ನಲ್ಲಿ ಆದದ್ದು ಇಷ್ಟು. ಯೂಟಾದಲ್ಲಿ ಒಂದು ಹುಲ್ಲುಗಾವಲಿನ ದಾರಿಗೆ ಓರಿನ್ ಬಸ್ಸು ತಿರುಗಿಸಿದ. ದಾರಿ ಒಂದು ಬೇಲಿಗೆ ಹೋಗಿ ಮುಗಿಯಿತು. ಕರು ಹಿಂದಿರುವಾಗ ಬಸ್ಸು ಹಿಂದಕ್ಕೆ ಓಡಿಸಲಾಗದು. ನಾಲ್ಕು ಹೆಜ್ಜೆ ಹಿಂದೆ ಹೋದರೂ ಕಾರು ಅಡ್ಡ ತಿರುಗಿ ತೋಳುಗಳು ಬಾಗುತ್ತವೆ. ಇಳಿದು ಕಾರು ಬಿಚ್ಚಿ, ಬಸ್ಸು ತಿರುಗಿಸಿಕೊಂಡು, ಮತ್ತೆ ಕಟ್ಟಬೇಕು. ಹೊಸಬರಿಗೆ ಅದನ್ನು ಮೊದಲ ಪಾಠವಾಗಿ ಹೇಳಿಕೊಡುತ್ತಿದ್ದವನೇ ಓರಿನ್. ಆ ದಿನ ಅವನು ಸೀದಾ ರಿವರ್ಸ್ ಗೇರು ಹಾಕಿದ. ಕಬ್ಬಿಣ ಕಿರುಗುಟ್ಟಿತು. ಆರ್ಲಿಸ್ ಕೂಗಿಕೊಂಡ ಮೇಲೆ ನಿಲ್ಲಿಸಿ, ಇಳಿದು ಹಿಂದಕ್ಕೆ ಹೋಗಿ, ಅಡ್ಡಡ್ಡ ನಿಂತಿದ್ದ ಕೆಂಪು ಕಾರನ್ನು ನೋಡಿ ಕೇಳಿದ್ದ:

"ಇದು ಯಾರ ಕಾರು?"

ಮಾರನೆಯ ದಿನದಿಂದ ಆರ್ಲಿಸ್ ಓಡಿಸತೊಡಗಿದಳು. "ನಿನ್ನ ಕಣ್ಣಿನ ಪೊರೆ ತೆಗೆಸೋವರೆಗೂ," ಎಂದಳು. ಅವನು ಒಪ್ಪಿದ. ಪೊರೆ ಇದ್ದದ್ದೂ ನಿಜ. ಕರು ಕಟ್ಟುವ ಕೆಲಸವನ್ನು ಮಾತ್ರ ಅವಳು ಅವನಿಂದ ಕಿತ್ತುಕೊಳ್ಳಲಿಲ್ಲ. ಅದೂ ಹೋದರೆ ಅವನಿಗೆ ಬೆಳಿಗ್ಗೆ ಏಳಲು ಕಾರಣವಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕ್ರಿಸ್‌ಮಸ್‌ಗೆ ಬಸ್ಸನ್ನು ಬೌಸ್‌ನಲ್ಲೇ ಬಿಟ್ಟು ವಿಮಾನದಲ್ಲಿ ಬಿಸ್ಮಾರ್ಕ್‌ಗೆ, ಮಗಳು ಸಿಗ್ನೆಯ ಮನೆಗೆ ಹೋಗಿದ್ದರು. ಮಹಡಿಯ ಮನೆ, ಬಹಳ ಬಾಗಿಲುಗಳು. ಎರಡನೆಯ ದಿನ ಓರಿನ್ ಬಚ್ಚಲೆಂದುಕೊಂಡು ಕೋಟುಗಳ ಕಪಾಟು ತೆಗೆದು ಒಳಗೆ ನಿಂತುಬಿಟ್ಟಿದ್ದ. "ಆರ್ಲಿಸ್, ಬಚ್ಚಲನ್ನ ಎಲ್ಲಿಗೆ ತಗೊಂಡು ಹೋದ್ರು?" ಎಂದು ಕೋಟುಗಳ ನಡುವಿನಿಂದ ಕೇಳಿದ ಧ್ವನಿಯಲ್ಲಿ ಅಳುವಿತ್ತು. ಬಸ್ಸಿನಲ್ಲಿ ಅದೆಂದೂ ಆಗಿರಲಿಲ್ಲ. ಬಸ್ಸಿನೊಳಗೆ ಎಲ್ಲವೂ ಒಂದೇ ಸಾಲು: ಮುಂದೆ ಸೀಟು, ಆಮೇಲೆ ಮೇಜು, ಒಲೆ, ಬಚ್ಚಲು, ಕೊನೆಗೆ ಮಂಚ. ನಡೆಯುತ್ತಾ ಹೋದರೆ ಬೇಕಾದ್ದು ಸಿಕ್ಕೇ ಸಿಗುತ್ತದೆ. ಬಸ್ಸಿನಲ್ಲಿ ಓರಿನ್ ಓರಿನ್ ಆಗಿಯೇ ಇದ್ದ.

ಸಿಗ್ನೆ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಹೇಳಬೇಕಾಗಿರಲಿಲ್ಲ. ಮರೆವಿನವರನ್ನು ನೋಡಿಕೊಳ್ಳುವ ಒಂದು ಮನೆಯನ್ನು ಹುಡುಕಿಟ್ಟಿದ್ದಳು. ಓರಿನ್ ಕೇಳಿಸಿಕೊಂಡು ಒಂದೇ ಮಾತು ಹೇಳಿದ:

"ನನ್ನ ಅಲ್ಲಿಗೆ ಹಾಕ್ಬೇಕಂದ್ರೆ ಕೈಕಾಲು ಕಟ್ಟಿ ಹೊತ್ತುಕೊಂಡು ಹೋಗ್ಬೇಕು. ನಡ್ಕೊಂಡಂತೂ ಬರಲ್ಲ."

ಅಡಿಗೆಮನೆಯಲ್ಲಿ ಸಿಗ್ನೆ ತಾಯಿಯ ಮಣಿಕಟ್ಟು ಹಿಡಿದಳು. "ಅಮ್ಮಾ, ಈ ಚಳಿಗಾಲ ಕಳೀರಿ. ಆದ್ರೆ ಏನಾದ್ರೂ ಒಂದು ಆಯ್ತು ಅಂದ್ರೆ, ಒಂದೇ ಒಂದು, ಮುಗೀತು. ಆಮೇಲೆ ನೀನು ಅಡ್ಡ ಬರ್ಬಾರ್ದು. ಮಾತು ಕೊಡು."

ಆರ್ಲಿಸ್ ಮಾತು ಕೊಟ್ಟಿದ್ದಳು.

ಈಗ ಅವಳು ಸೀಟಿನಲ್ಲಿ ಕೂತು ದೀಪಗಳನ್ನು ಒಂದೊಂದಾಗಿ ಹಾಕಿದಳು. ಓರಿನ್ ಕರುವಿನ ಹಿಂದೆ ನಿಂತು, ಶಾಲೆಯ ಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದ ಕಾಲದ ಗಂಟಲಿನಲ್ಲಿ ಕೂಗಿದ.

"ಎಡ, ಸರಿ! ಬಲ, ಸರಿ! ಬ್ರೇಕು, ಸರಿ! ಮುಂದೆ ತಗೋ!"

ಅವಳು ಬಸ್ಸನ್ನು ನಾಲ್ಕು ಮಾರು ಮುಂದೆ ಒಯ್ದಳು. ಎಳೆಯುವಾಗ ಕಾರಿನ ನಾಲ್ಕೂ ಚಕ್ರ ಉರುಳುತ್ತಿವೆಯೇ ಎಂದು ನೋಡುವುದು ಕೊನೆಯ ಪರೀಕ್ಷೆ.

"ಕರು ನಡೀತಾ ಇದೆ!" ಎಂದ ಓರಿನ್.

ಕುರ್ಚಿಗಳು ಒಮ್ಮೆಲೇ ಖಾಲಿಯಾದವು. ಬರ್ಡೀನ್ ಅಲ್ಯೂಮಿನಿಯಂ ಹಾಳೆ ಸುತ್ತಿದ ಬಾಳೆಹಣ್ಣಿನ ಬ್ರೆಡ್ಡು ತಂದಳು. ಆರ್ಲಿಸ್ ಇಳಿದು ಬಂದು, ತಾನು ಮಾಡಿದ ಆಲೂಗಡ್ಡೆ ರೊಟ್ಟಿಯ ಸುರುಳಿಗಳನ್ನು ಅವಳ ಕೈಗಿಟ್ಟಳು.

"ಬೆಣ್ಣೆ ಸಕ್ಕರೆ ಸವರಿದೀನಿ. ಕ್ಲೀಟಸ್‌ಗೆ ಕೊಡ್ಬೇಡ, ಅವನಿಗೆ ಸಕ್ಕರೆ ಕಾಯಿಲೆ."

"ನನ್ನ ಕಾಯಿಲೆಯ ಲೆಕ್ಕ ನಿನಗ್ಯಾಕೆ?" ಎಂದ ಕ್ಲೀಟಸ್. "ನಿನ್ನ ಬಂಡಿ ನೋಡ್ಕೋ. ಐದು ತಿಂಗಳಿಂದ ನೋಡ್ತಿದೀನಿ, ಆ ಕಾರು ನಿನ್ನ ಮಾತು ಕೇಳಿದಷ್ಟು ಈ ಗಂಡ ಕೇಳಲ್ಲ. ಗಂಡನ್ನ ಹಿಂದೆ ಕಟ್ಟಿ ಕಾರನ್ನ ಪಕ್ಕದಲ್ಲಿ ಕೂರಿಸ್ಕೋ."

"ಅವನನ್ನ ಕಟ್ಟೋವಷ್ಟು ಗಟ್ಟಿ ಪಿನ್ನು ಸಿಗಲ್ಲ ಕಣೋ."

ಬರ್ಡೀನ್ ಅವಳನ್ನು ಅಪ್ಪಿಕೊಂಡಳು, ಬೇಗ ಬಿಡಲಿಲ್ಲ. "ಮುಂದಿನ ಚಳಿಗಾಲ ಇದೇ ಜಾಗ. ನಾನು ಕಲ್ಲಿಟ್ಟು ಹಿಡ್ಕೊಂಡಿರ್ತೀನಿ," ಎಂದಳು. ಆರ್ಲಿಸ್‌ಳ ಮುಖ ಅವಳ ಹೆಗಲಿನಲ್ಲಿ ಹುದುಗಿತ್ತು. ಆ ಹೊತ್ತಿನಲ್ಲಿ ಅವಳು ಓರಿನ್‌ನನ್ನು ನೋಡುತ್ತಿರಲಿಲ್ಲ. ಯಾರೂ ನೋಡುತ್ತಿರಲಿಲ್ಲ.

ಅವಳು ಬಸ್ಸು ಹತ್ತಿದಾಗ ಅವನು ಆಗಲೇ ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂತಿದ್ದ. ನಕ್ಷೆ ತೊಡೆಯ ಮೇಲಿತ್ತು.

ಬೌಸ್‌ನಿಂದ ಪಾರ್ಕರ್‌ಗೆ ಹೋಗುವ ರಸ್ತೆ ನೇರ, ಮಟ್ಟಸ. ಎರಡೂ ಕಡೆ ಕುರುಚಲು ಗಿಡ, ದೂರದಲ್ಲಿ ಕಂದು ಗುಡ್ಡಗಳು. ಆರ್ಲಿಸ್ ನಿಧಾನವಾಗಿ ಹೋಗುತ್ತಿದ್ದಳು. ಬಸ್ಸು ಇಂದು ಸ್ವಲ್ಪ ಭಾರ ಎನ್ನಿಸಿತು. ನೀರಿನ ಟ್ಯಾಂಕು ತುಂಬಿಸಿದ್ದೇವಲ್ಲ ಎಂದುಕೊಂಡಳು. ಪರದೆ ನೋಡುವುದು ಓರಿನ್‌ನ ಕೆಲಸ. ಬೆನ್ನ ಹಿಂದೆ ಆಗತಾನೆ ಏರುತ್ತಿದ್ದ ಸೂರ್ಯ ಕ್ಯಾಮೆರಾದ ಕಣ್ಣಿಗೇ ಹೊಡೆಯುತ್ತಿತ್ತು. ಪರದೆ ಬೆಳ್ಳಗಾಗಿ, ಅದರಲ್ಲಿ ಕಾರಿನ ಮೂತಿ ಒಂದು ನೆರಳಿನ ಹಾಗೆ ಕಾಣುತ್ತಿತ್ತು.

"ಹಿಂದೆ ಹೇಗಿದೆ?"

"ಕರು ಬರ್ತಾ ಇದೆ."

ಅದು ಅವರ ಹನ್ನೊಂದು ವರ್ಷದ ಪ್ರಶ್ನೆ, ಹನ್ನೊಂದು ವರ್ಷದ ಉತ್ತರ. ಕೇಳುವವರು ಹೇಳುವವರು ಅಕ್ಟೋಬರ್‌ನಲ್ಲಿ ಅದಲುಬದಲಾದರು, ಅಷ್ಟೆ.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು.

"ಬರ್ತಾ ಇದೆ. ಧೂಳೆಬ್ಬಿಸ್ತಾ ಇದೆ."

ಪಕ್ಕದಲ್ಲೆಲ್ಲ ಮರಳು. ಧೂಳು ಎಂದರೆ ಧೂಳೇ. ಅವಳು ಕನ್ನಡಿ ನೋಡಿದಳು. ಬಸ್ಸಿನ ಅಗಲಕ್ಕೆ ಹಿಂದಿನದು ಕಾಣಲಿಲ್ಲ.

ಎದುರಿನಿಂದ ಬಂದ ಲಾರಿಯೊಂದು ದೀಪ ಮಿಟುಕಿಸಿ, ಉದ್ದಕ್ಕೆ ಹಾರ್ನು ಬಾರಿಸಿಕೊಂಡು ಹೋಯಿತು. ಓರಿನ್ ಕೈಯೆತ್ತಿ ಅದಕ್ಕೆ ನಮಸ್ಕಾರ ಮಾಡಿದ. ಅದು ದಾಟಿದ ಮೇಲೆ ಹಿಂದಿನಿಂದ ಒಂದು ಪಿಕಪ್ಪು ಅವರ ಪಕ್ಕಕ್ಕೆ ಬಂದು, ಕಿಟಕಿಯಿಂದ ಒಬ್ಬ ಸೊಂಟದವರೆಗೂ ಹೊರಬಾಗಿ ಹಿಂದಕ್ಕೆ ಕೈ ತೋರಿಸಿ ಕಿರುಚಿದ. ಮಾತು ಕೇಳಿಸಲಿಲ್ಲ. ಅವನ ಮುಖ ಕಂಡದ್ದೇ ಸಾಕಾಯಿತು. ಆರ್ಲಿಸ್ ಬಸ್ಸನ್ನು ಅಂಚಿಗೆ ಇಳಿಸಿದಳು.

ಇಳಿದಾಗ ಮೊದಲು ವಾಸನೆ ಬಂತು, ಸುಟ್ಟ ರಬ್ಬರಿನದು. ಕಾರಿನ ಹಿಂದಿನ ಚಕ್ರಗಳು ಉರಿಯುತ್ತಿದ್ದವು. ಒಂದು ಟೈರು ಸಿಡಿದು ಹೋಗಿತ್ತು. ಬೆಂಕಿ ಚಕ್ರದ ಮೇಲಿನ ಬಣ್ಣವನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸುತ್ತಿತ್ತು. ಅವಳು ಬೆಂಕಿ ಆರಿಸುವ ಸಿಲಿಂಡರು ತಂದು ಚಿಮುಕಿಸಿದಳು. ಬಿಳಿಯ ಪುಡಿ ಹಾರಿತು, ಬೆಂಕಿ ಒಂದು ಕ್ಷಣ ಅಡಗಿ ಮತ್ತೆ ಎದ್ದಿತು. ಸಿಲಿಂಡರು ಖಾಲಿಯಾಯಿತು. ಕಾರಿನಿಂದ ಬಸ್ಸಿಗೆ ಒಂದು ಆಳಿನ ದೂರ. ಬಸ್ಸಿನ ಹಿಂಬದಿಯಲ್ಲೇ ಎಂಜಿನ್ನು.

"ಓರಿನ್, ದೂರ ಹೋಗು! ಅಲ್ಲಿ ಕಲ್ಲಿನ ಹತ್ರ ಹೋಗಿ ನಿಲ್ಲು!"

ಅವನು ಹೋಗಲಿಲ್ಲ. ತೋಳುಗಳ ನಡುವೆ ಮಂಡಿಯೂರಿದ. ಪಿನ್ನು ಎಳೆದು ನೋಡಿದ. ತೋಳು ಬಿಗಿದಿತ್ತು, ಬರಲಿಲ್ಲ.

"ಆರ್ಲಿಸ್, ಸೀಟಿಗೆ ಹೋಗು. ನಾನು ಹೇಳಿದಾಗ ಒಂದು ಗೇಣು ಹಿಂದೆ ಬಿಡು. ಒಂದು ಗೇಣು. ಎರಡು ಬೇಡ."

ಆ ಧ್ವನಿ ಅವಳಿಗೆ ಗೊತ್ತಿತ್ತು. ಹಿಮಗಾಳಿಯಲ್ಲಿ ಮೂವತ್ತು ಮಕ್ಕಳ ಬಸ್ಸು ಸಿಕ್ಕಿಕೊಂಡಿದ್ದಾಗ ರೇಡಿಯೋದಲ್ಲಿ ಕೇಳಿದ್ದ ಧ್ವನಿ. ಅವಳು ಓಡಿದಳು. ಗೇಣು ಹಿಂದೆ ಬಿಟ್ಟಳು. "ಸಾಕು!" ಎಂಬ ಕೂಗು. ಒಂದು ಪಿನ್ನು ಕಬ್ಬಿಣಕ್ಕೆ ಬಡಿದು ಬಿದ್ದ ಸದ್ದು. ಇನ್ನೊಂದು. ಹಗ್ಗದ ಕೊಂಡಿಗಳು.

"ಹೋಗು! ಹೋಗು!"

ಅವಳು ಬಸ್ಸನ್ನು ಬಹಳ ಮುಂದಕ್ಕೆ ಒಯ್ದು ನಿಲ್ಲಿಸಿದಳು. ಪಿಕಪ್ಪಿನವನು ಓರಿನ್‌ನನ್ನು ತೋಳು ಹಿಡಿದು ದೂರಕ್ಕೆ ಎಳೆಯುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಅವರ ಹಿಂದೆ ಕೆಂಪು ಕಾರು ಪೂರ್ತಿ ಹೊತ್ತಿಕೊಂಡಿತ್ತು. ಓರಿನ್ ಅದನ್ನೇ ನೋಡುತ್ತಾ ನಿಂತ. ಬಿಸಿಲು ಕಣ್ಣಿಗೆ ಚುಚ್ಚದ ಹಾಗೆ ಟೋಪಿಯ ಅಂಚನ್ನು ಕೆಳಗೆ ಎಳೆದುಕೊಂಡ.

ಹಸಿರು ಟೋಪಿ.

ಆರ್ಲಿಸ್ ಸ್ಟಿಯರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಬ್ರೇಕು ಒತ್ತಿ ನೋಡಿದಾಗ ಆ ಟೋಪಿ ಕಾರಿನೊಳಗಿತ್ತು. ಅಂದರೆ ಆಮೇಲೆ ಅವನು ಕಾರಿಗೆ ಹೋಗಿದ್ದ. ಬರ್ಡೀನ್ ಅಪ್ಪಿಕೊಂಡಿದ್ದಾಗ ಟೋಪಿ ನೆನಪಾಗಿ, ಡ್ರೈವರ್ ಸೀಟಿನಲ್ಲಿ ಕೂತು, ಕೈಚಾಚಿ ಅದನ್ನು ತೆಗೆದುಕೊಂಡಿದ್ದ. ಸೀಟು ಬಿಟ್ಟು ಇಳಿಯುವ ಮುನ್ನ ಬ್ರೇಕು ಎಳೆಯಬೇಕು. ಹೊಸ ಡ್ರೈವರುಗಳಿಗೆ ಮೂವತ್ತು ವರ್ಷ ಅವನು ಅದನ್ನೇ ಹೇಳಿಕೊಟ್ಟಿದ್ದ. ಒಳಗೆ ಮಕ್ಕಳಿದ್ದಾರೆ, ನೆನಪಿರಲಿ, ಎನ್ನುತ್ತಿದ್ದ. ಆ ಕೈ ಮರೆತಿರಲಿಲ್ಲ, ಎಳೆದುಬಿಟ್ಟಿತ್ತು. ಹಳೆಯ ಕಾರು, ಬ್ರೇಕಿನ ತಂತಿ ಸಡಿಲ. ಚಕ್ರಗಳು ಪೂರ್ತಿ ಕಚ್ಚಿಕೊಳ್ಳಲಿಲ್ಲ. ಉಜ್ಜಿಕೊಳ್ಳುತ್ತಲೇ ಇಷ್ಟು ದೂರ ಉರುಳಿ ಬಂದಿದ್ದವು. ಟೋಪಿಯನ್ನು ತಾನೇ ತಂದುಕೊಟ್ಟಿದ್ದರೆ ಅವನು ಹಿಂದಕ್ಕೆ ಹೋಗುತ್ತಿರಲಿಲ್ಲ.

ಅಗ್ನಿಶಾಮಕದವರು ಬಂದು ನೀರು ಹಾಕುವಷ್ಟರಲ್ಲಿ ಕಾರಿನ ಅಸ್ಥಿಪಂಜರವಷ್ಟೇ ಉಳಿದಿತ್ತು. ಹೆದ್ದಾರಿ ಪೊಲೀಸಿನವನೊಬ್ಬ ಬಂದ, ಇಬಾರಾ ಎಂದು ಹೆಸರು, ಸಭ್ಯ ಮನುಷ್ಯ. ಸುಟ್ಟ ಕಾರಿನೊಳಗೆ ಬಗ್ಗಿ ನೋಡಿ ಹೊರಬಂದ.

"ಹ್ಯಾಂಡ್‌ಬ್ರೇಕ್ ಎಳೆದೇ ಇದೆ, ಮೇಡಂ. ಹಿಡಿ ಮೇಲೆ ನಿಂತಿದೆ. ಇದನ್ನ ಕಟ್ಟಿದ್ದು ಯಾರು?"

ಅದು ಬೈಗುಳವಾಗಿರಲಿಲ್ಲ, ಬರೆದುಕೊಳ್ಳಲು ಕೇಳಿದ ಪ್ರಶ್ನೆ. ಓರಿನ್ ಆರ್ಲಿಸ್‌ಳನ್ನು ನೋಡಿದ. ಅವನ ಕೆನ್ನೆಗೆ ಮಸಿ ಮೆತ್ತಿತ್ತು. ಪಿನ್ನು ಎಳೆದ ಬೆರಳುಗಳ ಗೆಣ್ಣು ತರಚಿತ್ತು. ಹಣೆ ಸುಕ್ಕಾಗಿತ್ತು. ಉತ್ತರ ಎಲ್ಲೋ ಹತ್ತಿರದಲ್ಲೇ ಇದೆ, ಕೈಗೆ ಸಿಗುತ್ತಿಲ್ಲ ಎನ್ನುವ ಹಾಗೆ ಅವನ ಬಾಯಿ ಅರ್ಧ ತೆರೆದಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅದು ಸಿಕ್ಕಿಬಿಡುತ್ತದೆ ಎಂದು ಆರ್ಲಿಸ್‌ಗೆ ಹೆದರಿಕೆಯಾಯಿತು.

"ನಾನು," ಎಂದಳು. "ಕೊನೇಲಿ ಕಾರೊಳಗೆ ಹೋಗಿದ್ದು ನಾನೇ. ಬ್ರೇಕ್ ಬಿಡೋದು ಮರೆತೆ."

ಓರಿನ್‌ನ ಹಣೆ ಸಡಿಲಾಯಿತು. ಅವನು ಅವಳ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ.

"ಇರ್ಲಿ ಕಣೇ. ಅಳ್ಬೇಡ. ಯಾರಿಗಾದ್ರೂ ಆಗುತ್ತೆ." ಪೊಲೀಸಿನವನ ಕಡೆ ತಿರುಗಿ, "ಅವಳು ಜಾಣೆ, ಸರ್. ಈಚೆಗೆ ಸ್ವಲ್ಪ ಕೆಲಸ ಜಾಸ್ತಿ ಅವಳಿಗೆ. ಅವಳನ್ನ ಏನೂ ಅನ್ಬೇಡಿ," ಎಂದ.

"ಯಾರೂ ಏನೂ ಅನ್ನಲ್ಲ, ಸರ್," ಎಂದ ಇಬಾರಾ. "ಬಸ್ಸು ಉಳಿಸಿದ್ದು ನೀವಂತೆ. ಆ ಪಿಕಪ್ಪಿನವರು ಹೇಳಿದ್ರು."

"ಪಿನ್ನು ಬಿಗಿದಿತ್ತು," ಎಂದ ಓರಿನ್. "ಒಂದು ಗೇಣು ಸಡಿಲ ಕೊಡ್ಬೇಕು. ಅದು ಗೊತ್ತಿರ್ಬೇಕು."

ಮಧ್ಯಾಹ್ನದ ಹೊತ್ತಿಗೆ ಪಾರ್ಕರ್ ಊರಿನ ನದಿದಂಡೆಯಲ್ಲಿ ಬಸ್ಸು ನಿಲ್ಲಿಸಿದರು. ಆರ್ಲಿಸ್ ನೀರು ಜೋಡಿಸಿದಳು, ಕರೆಂಟು ಜೋಡಿಸಿದಳು. ಗಂಡನ ಗೆಣ್ಣುಗಳಿಗೆ ಮುಲಾಮು ಹಚ್ಚಿ, ಬರ್ಡೀನ್ ಕೊಟ್ಟ ಬ್ರೆಡ್ಡು ಕತ್ತರಿಸಿ ತಟ್ಟೆಯಲ್ಲಿಟ್ಟಳು. ಅವನು ತಿನ್ನಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಎಷ್ಟು ದಿನದಿಂದ?" ಎಂದು ಕೇಳಿದ.

"ಏನು ಎಷ್ಟು ದಿನದಿಂದ?"

"ಮರೆವು."

ಅವಳು ಚಾಕುವನ್ನು ಸಿಂಕಿನಲ್ಲಿಟ್ಟಳು. "ಒಂದು ಸಲ ಮರೆತೆ, ಓರಿನ್. ಒಂದೇ ಸಲ."

"ಮೊದಲು ಹಾಗೇ ಶುರುವಾಗೋದು." ಅವನ ಮಾತು ಬಹಳ ಮೃದುವಾಗಿತ್ತು. "ಮೈನಾಟ್‌ನಲ್ಲಿ ಡಾಗ್ನಿ ಮಾಸ್ತರಿಣಿ ನೆನಪಿದ್ಯಾ? ಮೊದಲು ಒಲೆ ಆರಿಸೋದು ಮರೆತ್ಲು. ನಾವೆಲ್ಲ ನಕ್ವಿ."

ಅವನು ಎದ್ದು ಫೋನು ಹುಡುಕಿದ. ಯಾವಾಗಲೂ ಇರುವ ಕಡೆ, ಮೇಜಿನ ಮೇಲಿನ ಗೂಡಿನಲ್ಲಿತ್ತು. ತೆಗೆದುಕೊಂಡು ಹೊರಗೆ ಹೋಗಿ ಬಾಗಿಲು ಮುಚ್ಚಿದ. ಕಿಟಕಿ ತೆರೆದಿರುವುದು ಅವನ ಗಮನಕ್ಕೆ ಬರಲಿಲ್ಲ.

"ಸಿಗ್ನೆ, ನಾನು ಕಣಮ್ಮ, ಅಪ್ಪ... ಚೆನ್ನಾಗಿದೀನಿ. ಕೇಳು. ಇವತ್ತು ಕರು ಸುಟ್ಟುಹೋಯ್ತು... ಇಲ್ಲ, ನಮಗೇನೂ ಆಗಿಲ್ಲ. ನಿಮ್ಮಮ್ಮ ಬ್ರೇಕ್ ಬಿಡೋದು ಮರೆತ್ಲು... ಹೌದು, ಅವಳೇ. ಕೂಗಾಡ್ಬೇಡ ಅವಳ ಮೇಲೆ. ಆಗ್ಲೇ ನೊಂದಿದಾಳೆ."

ನದಿಯಲ್ಲಿ ಯಾರದೋ ದೋಣಿಯ ಎಂಜಿನ್ನು ಸದ್ದು ಮಾಡಿಕೊಂಡು ಹೋಯಿತು.

"ನೀನು ಹೇಳ್ತಿದ್ದ ಆ ಮನೆ. ಮರೆವಿನವರದ್ದು. ಅದನ್ನ ಕೇಳು, ಜಾಗ ಇದ್ಯಾ ಅಂತ. ಅವಳು ಒಪ್ಪಲ್ಲ, ನಂಗೊತ್ತು. ಹಠಮಾರಿ. ಅದಕ್ಕೆ ನಾನೂ ಜೊತೆಗೆ ಬರ್ತೀನಿ ಅಂತ ಹೇಳ್ತೀನಿ. ನಾನಿದ್ರೆ ಬರ್ತಾಳೆ... ನನಗೇನು, ನಾನು ಎಲ್ಲಾದ್ರೂ ಇರ್ತೀನಿ. ಅವಳೊಬ್ಬಳನ್ನೇ ಅಂಥ ಕಡೆ ಬಿಡೋಕಾಗುತ್ತಾ?"

ಆರ್ಲಿಸ್ ಸಿಂಕಿನ ಅಂಚು ಹಿಡಿದುಕೊಂಡು ನಿಂತಿದ್ದಳು.

ಬಾಗಿಲು ತೆಗೆದು ಅವನು ಫೋನು ಚಾಚಿದ. "ಸಿಗ್ನೆ. ನಿನ್ನ ಹತ್ರ ಮಾತಾಡ್ಬೇಕಂತೆ." ಎದುರಿಗೇ ಕೂತ, ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡ.

"ಅಮ್ಮಾ," ಎಂದಳು ಸಿಗ್ನೆ. ಅವಳು ಅಳುತ್ತಿದ್ದಳೆಂದು ತಿಳಿಯುತ್ತಿತ್ತು. "ಬ್ರೇಕ್ ಮರೆತದ್ದು ನಿಜವಾಗ್ಲೂ ನೀನಾ?"

ಓರಿನ್‌ನ ಹೆಬ್ಬೆರಳು ಅವಳ ಅಂಗೈಯನ್ನು ಸವರುತ್ತಿತ್ತು.

"ಹೂಂ," ಎಂದಳು ಆರ್ಲಿಸ್. "ನಾನೇ."

"ಅಪ್ಪ ಪಕ್ಕದಲ್ಲೇ ಇದಾರಾ?"

"ಹೂಂ."

"ಅಮ್ಮಾ, ಅಲ್ಲಿ... ಅಲ್ಲಿಗೆ ಚೆನ್ನಾಗಿರೋರನ್ನ ಸೇರಿಸ್ಕೊಳಲ್ಲ. ಅವರೇ ಪರೀಕ್ಷೆ ಮಾಡಿ ನೋಡ್ತಾರೆ. ನಿನಗೆ ಗೊತ್ತು ತಾನೇ?"

"ಗೊತ್ತು."

"ಅಪ್ಪ ತಾವಾಗೇ ಬರ್ತೀನಿ ಅಂತಿದಾರೆ. ಇದನ್ನ ಬಿಟ್ರೆ ಮತ್ತೆ..."

"ಗೊತ್ತು, ಮಗಳೇ. ಮಾತು ಕೊಟ್ಟಿದೀನಲ್ಲ."

ಅವಳು ಫೋನು ಕೆಳಗಿಟ್ಟಳು. ಓರಿನ್ ಅವಳ ಮುಖ ನೋಡುತ್ತಿದ್ದ.

"ಬೈದ್ಲಾ?"

"ಇಲ್ಲ."

"ನಾನೂ ಬರ್ತೀನಿ ನಿನ್ನ ಜೊತೆ. ಹೆದರ್ಕೋಬೇಡ. ಸ್ವಲ್ಪ ದಿನ ಇದ್ದು ನೋಡೋಣ. ನೀನು ಹುಷಾರಾದ್ರೆ ಚಳಿಗಾಲಕ್ಕೆ ಬೌಸ್‌ಗೆ ವಾಪಸ್ ಬರೋಣ. ಬರ್ಡೀನ್ ಜಾಗ ಹಿಡ್ಕೊಂಡಿರ್ತಾಳೆ." ಆಮೇಲೆ ತಟ್ಟೆಯ ಕಡೆ ನೋಡಿ, "ಈ ಬ್ರೆಡ್ಡು ಯಾರು ಕೊಟ್ಟಿದ್ದು?" ಎಂದು ಕೇಳಿದ.

ಮಾರನೆಯ ಬೆಳಿಗ್ಗೆ ಆರ್ಲಿಸ್ ಕೊಳವೆ, ವೈರು ಬಿಚ್ಚಿಟ್ಟು ಸೀಟಿನಲ್ಲಿ ಕೂತಳು. ಪಕ್ಕದ ಸೀಟು ಖಾಲಿಯಿತ್ತು. ಪರದೆಯಲ್ಲಿ ನೋಡಿದರೆ ಓರಿನ್ ಬಸ್ಸಿನ ಹಿಂದೆ, ಕಾರು ಇದ್ದಿದ್ದರೆ ಅದರಾಚೆ ಎಲ್ಲಿ ನಿಲ್ಲುತ್ತಿದ್ದನೋ ಅಲ್ಲಿ, ಖಾಲಿ ನೆಲದ ಇನ್ನೊಂದು ತುದಿಯಲ್ಲಿ ನಿಂತಿದ್ದ. ಹಸಿರು ಟೋಪಿ ತಲೆಯ ಮೇಲಿತ್ತು. ಕಾಯುತ್ತಿದ್ದ.

ಅವಳು ಎಡದ ದೀಪ ಹಾಕಿದಳು.

"ಎಡ, ಸರಿ!"

ಬಲದ್ದು ಹಾಕಿದಳು.

"ಬಲ, ಸರಿ!"

ಬ್ರೇಕಿನ ಮೇಲೆ ಕಾಲಿಟ್ಟಳು. ಅವನು ಹೆಬ್ಬೆರಳು ಎತ್ತಿ, ಬಂದು ಹತ್ತಿ, ಬೆಲ್ಟು ಕಟ್ಟಿಕೊಂಡು, ನಕ್ಷೆಯನ್ನು ತೊಡೆಯ ಮೇಲೆ ಬಿಡಿಸಿದ.

ಬಿಸ್ಮಾರ್ಕ್‌ನ ಆ ಮರೆವಿನವರ ಮನೆಯಲ್ಲಿ ಈಗ ಖಾಲಿ ಇರುವುದು ಒಂದು ಕೋಣೆ. ಒಬ್ಬರಿಗೆ. ಮೇ ತಿಂಗಳ ಮೊದಲ ಸೋಮವಾರ ಓರಿನ್ ಅಲ್ಲಿಗೆ ಸೇರುತ್ತಾನೆ. ಹೊರಗಿನವರು ನೋಡಲು ಬರುವ ಹೊತ್ತು ಮಧ್ಯಾಹ್ನ ಎರಡರಿಂದ ಐದು.